ಅತ್ತೆ ಒತ್ತಿ ನೋಡಿದ ಮೋಟಾರು

ನೀವು ಎಂದಾದರೂ ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಸರ್ವೀಸ್ ಮೋಟಾರಿನಲ್ಲಿ ನನ್ನ ಪಕ್ಕ ಕುಳಿತಿದ್ದರೆ ನನ್ನನ್ನು ಅರೆಹುಚ್ಚ ಎಂದುಕೊಂಡಿರುವುದು ಖಂಡಿತ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ನಾನು ಒಳಗಿನ ಹಲಗೆಯನ್ನು ಹಿಮ್ಮಡಿಯಿಂದ ಎರಡು ಸಲ ಗುದ್ದುತ್ತೇನೆ. ಸದ್ದು ಗಟ್ಟಿಯಾಗಿ ಬಂದರೆ ಮಾತ್ರ ಇನ್ನೊಂದು ಕಾಲು ಎತ್ತುತ್ತೇನೆ. ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ನಮ್ಮ ಕಡೆಯ ಮೋಟಾರುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿವೆ. ಆ ಒಲೆಯನ್ನು ಕಂಡು ಹೆದರದವನು ನೆಲ ಕಂಡು ಹೆದರುವುದು ಜನಕ್ಕೆ ತಮಾಷೆ. ಮೊನ್ನೆ ಕಂಡಕ್ಟರು ಎಲ್ಲರ ಮುಂದೆ ಕೇಳಿಯೇಬಿಟ್ಟ: "ಏನ್ರೀ ಮಾಸ್ತರ, ಮೋಟಾರು ಹತ್ತಾಕ ಹತ್ತೀರೋ, ಬಾವಿ ಇಳಿಯಾಕ ಹತ್ತೀರೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾರಣ ಹೇಳಲು ಹೋದರೆ ಕಂಪ್ಲಿ ಮುಟ್ಟುವುದರೊಳಗೆ ಮುಗಿಯುವುದಿಲ್ಲ. ಅಲ್ಲದೆ ನನ್ನ ಮಾನ ಪೂರ್ತಿ ಹೋಗುತ್ತದೆ. ನಿಮಗಾದರೆ ಹೇಳಬಹುದು. ನೀವು ನನ್ನ ಶಾಲೆಯ ಹುಡುಗರ ತಂದೆಯರಲ್ಲವಷ್ಟೆ.

ನನ್ನ ಸೋದರಮಾವ ವಿರುಪಣ್ಣನವರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇತ್ತು. ಕಾಲುವೆಯ ನೀರು ಕುಡಿದ ಭತ್ತವೆಲ್ಲ ಅವರ ಗಿರಣಿಯ ಬಾಯಿಗೇ ಬರಬೇಕೆಂದು ಅವರ ನಂಬಿಕೆ. ಅದಕ್ಕೆ ಅಡ್ಡಿಯಾಗಿ ಊರಿನ ಇನ್ನೊಂದು ತುದಿಯಲ್ಲಿ ಕೊಟ್ರಪ್ಪ ಎಂಬವರ ಗಿರಣಿ ಇತ್ತು. ಇಬ್ಬರೂ ಒಂದೇ ಮಠಕ್ಕೆ ನಡೆದುಕೊಳ್ಳುವವರು, ಒಂದೇ ಪಂಕ್ತಿಯಲ್ಲಿ ಊಟ ಮಾಡುವವರು. ಹಪ್ಪಳ ಯಾರ ಎಲೆಗೆ ಮೊದಲು ಬಿತ್ತು ಎನ್ನುವುದರ ಮೇಲೆ ಅವರ ಆ ವಾರದ ಸ್ನೇಹ ನಿಂತಿರುತ್ತಿತ್ತು.

ಹೀಗಿರುವಾಗ ಕೊಟ್ರಪ್ಪನವರು ಒಂದು ಮೋಟಾರು ತಂದರು. ತಂದರೆ ತರಲಿ. ಆದರೆ ಒಂದು ಸೋಮವಾರ ಮಾಮ ಹೊಸಪೇಟೆ ರಸ್ತೆಯಲ್ಲಿ ಕಮಾನು ಗಾಡಿ ಹೂಡಿಸಿಕೊಂಡು, ಮಡಿ ಮಾಡಿದ ಬಿಳಿಯ ರುಮಾಲು ಸುತ್ತಿಕೊಂಡು ಹೊರಟಿದ್ದಾಗ, ಆ ಮೋಟಾರು ಹಿಂದಿನಿಂದ ಬಂದು ಪಕ್ಕದಲ್ಲೇ ಹಾದುಹೋಯಿತು. ಎತ್ತುಗಳು ಬೆದರಿ ಕಬ್ಬಿನ ಹೊಲಕ್ಕೆ ನುಗ್ಗಿದವು. ಧೂಳು ಇಳಿದ ಮೇಲೆ ನೋಡಿದರೆ ಮಾಮನ ರುಮಾಲು ಹುರಿಗಡಲೆ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಮುಂದೆ ಹೋದ ಮೋಟಾರಿನಿಂದ ಕೊಟ್ರಪ್ಪನವರು ತಿರುಗಿ ಕೈ ಮುಗಿದರಂತೆ. ಧೂಳನ್ನಾದರೂ ಮಾಮ ಕ್ಷಮಿಸುತ್ತಿದ್ದರು. ಆ ನಮಸ್ಕಾರವನ್ನು ಕ್ಷಮಿಸಲಿಲ್ಲ.

ಮುಂದಿನ ಭಾನುವಾರ ನಾನು ಎಂದಿನಂತೆ ಊಟಕ್ಕೆ ಕಂಪ್ಲಿಗೆ ಹೋದೆ. ಆಗ ನನಗೆ ಇಪ್ಪತ್ತೈದರ ಆಸುಪಾಸು. ಹೊಸಪೇಟೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಕೋಟಿನ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು, ಬಜಾರಿನಲ್ಲಿ ಹೋಗುವಾಗ ಅಂಗಡಿಯ ಬೋರ್ಡುಗಳ ಇಂಗ್ಲಿಷ್ ತಪ್ಪುಗಳನ್ನು ಗಟ್ಟಿಯಾಗಿ ತಿದ್ದುತ್ತ ನಡೆಯುವಷ್ಟು ಅಸಹ್ಯದ ಪ್ರಾಣಿಯಾಗಿದ್ದೆ.

"ಸಂಡೂರಾಗ ಗಣಿ ಮ್ಯಾಲಿದ್ದ ದೊರಿ ವಾಪಸ್ ತನ್ನ ಸೀಮಿಗೆ ಹೊಂಟಾನಂತ," ಎಂದರು ಮಾಮ. "ಅವನ ಮೋಟಾರು ಮಾರಾಕ ಐತಿ. ನೀ ಬಾ ನಮ್ ಜೋಡಿ. ನೋಡಿ ತರೋಣು."

"ನನಗ ಮೋಟಾರಿಂದು ಏನೂ ಗೊತ್ತಿಲ್ಲ ಮಾಮ."

"ಇಂಗ್ಲೀಷು ಗೊತ್ತೈತಲ್ಲ? ಮೋಟಾರು ಇಂಗ್ಲೀಷಿನವರದು. ಮತ್ತೇನ್ ಬೇಕು?"

ಈ ತರ್ಕವನ್ನು ನಾನು ತಿದ್ದಲು ಹೋಗಲಿಲ್ಲ. ಮನಸ್ಸಿನಲ್ಲಿ ಹಿಗ್ಗಿದ್ದೆ.

ಹಂಪಮ್ಮ ಅತ್ತೆ, ಅಂದರೆ ಮಾಮನ ಹೆಂಡತಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನಾನೂ ಬರ್ತೀನಿ," ಎಂದರು.

"ನೀ ಬಂದು ಏನ್ ನೋಡ್ತಿ?"

"ಮನಿಗೆ ಎಮ್ಮಿ ತರೋವಾಗ ಯಾರು ನೋಡಿದ್ರು? ಈ ಮಾಳಿಗಿ ತೊಲಿ ತರೋವಾಗ ಯಾರು ನೋಡಿದ್ರು? ಇದನ್ನೂ ನೋಡ್ತೀನಿ."

ಮಾಮ ಒಪ್ಪಿಕೊಂಡರು. ಎಮ್ಮೆಯೂ ತೊಲೆಯೂ ಇನ್ನೂ ಗಟ್ಟಿಯಾಗಿದ್ದವು.

ನಾಲ್ಕನೆಯವರು ಹುಸೇನ್‌ಸಾಬ್. ಗಿರಣಿಯ ಎಣ್ಣೆ ಇಂಜಿನ್ನನ್ನು ನಡೆಸುವವರು. ಮೊದಲು ಎಲ್ಲೋ ಲಾರಿ ಓಡಿಸಿದ್ದರು. ಹೀಗೆ ನಾವು ನಾಲ್ವರು ಸರ್ವೀಸ್ ಮೋಟಾರು ಹತ್ತಿ, ಕಣಿವೆ ದಾಟಿ, ಸಂಡೂರಿನ ಮಣ್ಣಿನ ಕೆಂಪನ್ನೆಲ್ಲ ಮೈಗೆ ಬಳಿದುಕೊಂಡು ದೊರೆಯ ಬಂಗಲೆಗೆ ಹೋಗಿ ನಿಂತೆವು.

ಬಂಗಲೆ ಗುಡ್ಡದ ಓರೆಯಲ್ಲಿತ್ತು. ಮರದ ಕೆಳಗೆ ಮೋಟಾರು ನಿಂತಿತ್ತು. ಕಪ್ಪು ಬಣ್ಣ, ಮೇಲೆ ಮಡಚುವ ಕ್ಯಾನ್ವಾಸಿನ ಟಾಪು, ಎರಡೂ ಬದಿಗೆ ಹತ್ತಲು ಮೆಟ್ಟಿಲು ಹಲಗೆ. ದೊರೆ ಕಡ್ಡಿಯಂಥ ಮನುಷ್ಯ. ಚಡ್ಡಿ, ಹ್ಯಾಟು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ಒಳ್ಳೆಯವನಂತೆಯೇ ಕಂಡ. ಆತನ ಹಿಂದೆ ಕಂದು ಬಣ್ಣದ ಒಂದು ಮುದಿ ನಾಯಿ.

ಹುಸೇನ್‌ಸಾಬರು ನೇರ ಮುಂದಕ್ಕೆ ಹೋಗಿ, ಇಂಜಿನ್ನಿನ ಮುಚ್ಚಳ ಎತ್ತಿ, ತಲೆ ಒಳಗೆ ಹಾಕಿದವರು ಮತ್ತೆ ಹೊರಗೆ ತೆಗೆಯಲಿಲ್ಲ. ಒಳಗಿನಿಂದಲೇ, "ಮಸ್ತ್ ಐತಿ ಸಾವ್ಕಾರ್ರೆ! ಹುಲಿ ಐತಿ!" ಎಂದು ಕೂಗುತ್ತಿದ್ದರು. ಅವರ ಮಟ್ಟಿಗೆ ಮೋಟಾರು ಎಂದರೆ ಇಂಜಿನ್ನು. ಅದರ ಹಿಂದೆ ಜನ ಕೂರುವುದು ಆಕಸ್ಮಿಕ.

ಮಾಮ ಒಳಭಾಗ ನೋಡಲು ಶುರುಮಾಡಿದರು. ನೋಡಲು ಎಂದೆನೇ? ಮದುವೆಯ ಮಂಟಪ ನೋಡುವವರ ಹಾಗೆ ಬಾಯಿ ತೆರೆದು ನಿಂತರು ಅನ್ನಿ. ಮುಂದಿನ ಹಲಗೆಯ ಮೇಲೆ ಗುಂಡಗಿನ ಗಡಿಯಾರ. ಅದು ನಿಂತುಹೋಗಿತ್ತು; ಮಾಮನಿಗೆ ಅದು ದೋಷವಾಗಿ ಕಾಣಲಿಲ್ಲ. "ಗಡಿಯಾರಾನೂ ಐತಲೇ!" ಎಂದರು. ಪಕ್ಕದ ಕಂಬಕ್ಕೆ ಸಿಕ್ಕಿಸಿದ ಬೆರಳುದ್ದದ ಗಾಜಿನ ಹೂದಾನಿ ಕಂಡ ಮೇಲಂತೂ ಅವರು ನಮ್ಮ ಕೈಗೆ ಸಿಕ್ಕಲಿಲ್ಲ. ಕೊಟ್ರಪ್ಪನ ಮೋಟಾರಿನಲ್ಲಿ ಹೂದಾನಿ ಇಲ್ಲ ಎನ್ನುವುದು ಅವರಿಗೆ ಹೇಗೋ ಗೊತ್ತಿತ್ತು. "ಇದರಾಗ ಕನಕಾಂಬ್ರ ಇಡಬೋದು," ಎಂದು ನನ್ನ ಕಿವಿಯಲ್ಲಿ ಹೇಳಿದರು. ಬಾಗಿಲ ಒಳಮೈಯಲ್ಲಿ ಚುಟ್ಟದ ಬೂದಿ ಉದುರಿಸಲು ಹಿತ್ತಾಳೆಯ ಪುಟ್ಟ ತಟ್ಟೆ ಇತ್ತು. ದೊರೆ ಅದನ್ನು ಎಳೆದು ತೋರಿಸಿ, ಅದರ ಉಪಯೋಗ ವಿವರಿಸಿದ. ನಾನು, "ಬೂದಿ ಇಡೋದಂತ ಮಾಮ," ಎಂದೆ. ಮಾಮ ಎರಡೂ ಕೈ ಜೋಡಿಸಿದರು. "ವಿಭೂತಿಗೆ ಬ್ಯಾರೆ ಜಾಗ ಮಾಡ್ಯಾರ ನೋಡು! ದೊರಿಗಳಿಗೂ ಭಕ್ತಿ ಐತಿ." ನಾನು ತಿದ್ದಲಿಲ್ಲ. ಬಜಾರಿನ ಬೋರ್ಡು ತಿದ್ದುವ ಶೂರ ಅಲ್ಲಿ ಬಾಯಿ ಮುಚ್ಚಿಕೊಂಡೆ. ಅಂದಿನ ಮೊದಲ ಮೋಸ ಅದು. ಪುಟ್ಟದು.

ಎರಡನೆಯದು ಸೀಟಿನದು. ಮಾಮ ಸೀಟು ಮುಟ್ಟಿ, ಕೈ ಹಿಂದಕ್ಕೆ ಎಳೆದುಕೊಂಡು, "ಇದು ಯಾವ ಪ್ರಾಣಿ ಚರ್ಮ? ಕೇಳು. ಜಿಂಕಿದಾದ್ರ ಚಿಂತಿಲ್ಲ," ಎಂದರು. ಕೇಳಿದೆ. ದೊರೆ ಹೆಮ್ಮೆಯಿಂದ ಒಂದು ಪ್ರಾಣಿಯ ಹೆಸರು ಹೇಳಿದ. ಎಳೆಯ ಪ್ರಾಣಿ. ಮಾಮ ದಿನಾ ಬೆಳಗ್ಗೆ ಕೊಟ್ಟಿಗೆಯಲ್ಲಿ ಅದರ ಬೆನ್ನು ಸವರಿಯೇ ಗಿರಣಿಗೆ ಹೋಗುತ್ತಿದ್ದದ್ದು.

"ಏನಂತ?"

"ಅದು ಚರ್ಮ ಅಲ್ಲಂತ ಮಾಮ. ವಿಲಾಯ್ತಿ ಬಟ್ಟಿ ಅಂತ."

ಅತ್ತೆ ಬಂದು ಉಗುರಿನಿಂದ ಸೀಟನ್ನು ಗೀರಿ ನೋಡಿದರು. ಹೊಲಿಗೆಯ ಸಂದಿನಲ್ಲಿ ಕೆಂಪು ಧೂಳು ತುಂಬಿತ್ತು. ಬಗ್ಗಿ ಮೂಸಿದರು. ನನ್ನ ಮುಖ ನೋಡಿದರು. "ಕಂಬಳಿ ಹಾಸಿದ್ರಾತು ಬಿಡು," ಎಂದಷ್ಟೇ ಹೇಳಿ ಮುಂದೆ ಹೋದರು. ಆ ನೋಟಕ್ಕೇ ನಾನು ಎಚ್ಚತ್ತುಕೊಳ್ಳಬೇಕಿತ್ತು.

ಅಷ್ಟರಲ್ಲಿ ಆ ಮುದಿ ನಾಯಿ ಎದ್ದು, ಮೆಟ್ಟಿಲು ಹಲಗೆಯ ಮೇಲೆ ಕಾಲಿಟ್ಟು, ಅಲ್ಲಿಂದ ಒಂದೇ ನೆಗೆತಕ್ಕೆ ಹಿಂದಿನ ಸೀಟಿನ ಮೇಲೆ ಹೋಗಿ ಕುಳಿತಿತು. ದೊರೆ ಗದರಿದ. ನಾಯಿ ಅದೇ ದಾರಿಯಲ್ಲಿ, ಅದೇ ಥರ, ಹೊರಗೆ ನೆಗೆಯಿತು.

"ಲೇ, ಆ ನಾಯಿ ನೋಡಿದೇನು?" ಎಂದರು ಅತ್ತೆ.

"ಹಿಂದ ಕುಂತು ರೂಢಿ ಇರಬೇಕತ್ತಿ."

"ಅದಲ್ಲ. ವಯಸ್ಸಾದ ನಾಯಿ, ಹಿಂಗಾಲು ಸೆಟದಾವ. ಆದ್ರೂ ತಳಕ್ಕ ಕಾಲು ಇಡವಲ್ದು. ಹಾರತೈತಿ."

ಇಷ್ಟು ಹೇಳಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಮಂಡಿಯೂರಿದರು. ಹಿಂದಿನ ಸೀಟಿನ ಮುಂದೆ ಹಾಸಿದ್ದ ನಾರಿನ ಚಾಪೆಯ ಅಂಚು ಎತ್ತಿದರು. ಕೆಳಗೆ ಮರದ ಹಲಗೆ. ಅದರ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು. ಹೆಬ್ಬೆರಳು ಉಗುರಿನವರೆಗೆ ಒಳಗೆ ಹೋಯಿತು. ಪುಡಿಯನ್ನು ಚಿವುಟಿ ತೆಗೆದು ಅಂಗೈಯಲ್ಲಿಟ್ಟು ಮಾಮನಿಗೆ ತೋರಿಸಿದರು.

"ನೋಡ್ರಿ. ಕಟಗಿ ಲಡ್ಡು ಹಿಡದು ಪುಡಿ ಆಗೈತಿ. ಗೆದ್ದಲ ತಿಂದು ಮುಗಿಸ್ಯಾವ. ಮ್ಯಾಲಿನ ಚಾಪಿ ಮ್ಯಾಲ ನಿಂತೈತಿ ಇದು."

ಮಾಮ ಹೂದಾನಿಯ ಗಾಜು ಒರೆಸುತ್ತಿದ್ದರು. "ಮೋಟಾರು ಓಡೋದು ಗಾಲಿ ಮ್ಯಾಲೇ. ತಳ ತಗೊಂಡು ಏನ್ ಮಾಡ್ತಿ?" ಎಂದರು. ಆಮೇಲೆ, ದೂರದಿಂದ ಬಂದಿದ್ದೇವೆ, ಹೆಂಗಸಿನ ಮನಸ್ಸಿಗೂ ಸಮಾಧಾನವಾಗಲಿ ಎನ್ನುವ ಧಾಟಿಯಲ್ಲಿ, "ಕೇಳಲೇ ದೊರಿಗೆ. ಏನಂತಾನ ನೋಡೋಣು," ಎಂದರು.

ಎಲ್ಲರೂ ನನ್ನತ್ತ ತಿರುಗಿದರು. ದೊರೆಯ ನೀಲಿ ಕಣ್ಣು ನನ್ನ ಮೇಲೆ ನಿಂತಿತು. ನಾನು ಬಾಯಿ ತೆರೆದೆ.

ಗೆದ್ದಲಿಗೆ ಇಂಗ್ಲಿಷಿನಲ್ಲಿ ಏನು?

ಲಡ್ಡು ಹಿಡಿಯುವುದಕ್ಕೆ ಏನು?

ನಾನು ಪಾಠ ಹೇಳುತ್ತಿದ್ದ ಪುಸ್ತಕದಲ್ಲಿ ಕಂಡರಿಯದ ಹಕ್ಕಿಗಳಿದ್ದವು, ಹಿಮವಿತ್ತು, ನಮ್ಮ ಜಿಲ್ಲೆಯಲ್ಲಿ ಯಾರೂ ನೋಡಿರದ ಹದಿನಾರು ಬಗೆಯ ಹೂಗಳಿದ್ದವು. ಗೆದ್ದಲು ಇರಲಿಲ್ಲ. ನಮ್ಮ ಮನೆಯ ತೊಲೆ, ಬಾಗಿಲು, ನನ್ನ ಆ ಪುಸ್ತಕದ ರಟ್ಟನ್ನೇ ತಿನ್ನುತ್ತಿದ್ದ ಹುಳುವಿನ ಹೆಸರು ನನಗೆ ಯಾರೂ ಕಲಿಸಿರಲಿಲ್ಲ. ನಾನೂ ಯಾರಿಗೂ ಕಲಿಸಿರಲಿಲ್ಲ. ಹುಳು, ಮರ, ತಿನ್ನು ಎಂದು ಬಿಡಿಬಿಡಿಯಾಗಿ ಹೇಳಿದ್ದರೂ ದೊರೆಗೆ ತಿಳಿಯುತ್ತಿತ್ತು. ಕೈ ಹಿಡಿದು ತಂದು ಅಂಗೈಯ ಪುಡಿ ತೋರಿಸಿದ್ದರೂ ಸಾಕಾಗಿತ್ತು. ಆದರೆ ವ್ಯಾಕರಣ ತಪ್ಪಿದರೆ? ಕೋಟಿನ ಜೇಬಿನಲ್ಲಿ ಪೆನ್ನು ಬೇರೆ ಇತ್ತಲ್ಲ!

ತಪ್ಪಿಲ್ಲದ ಒಂದು ವಾಕ್ಯ ಬಾಯಿಗೆ ಬಂತು. ಹೇಳಿಬಿಟ್ಟೆ. ಅದರ ಅರ್ಥ: 'ಈ ಅಮ್ಮನವರು ತಮ್ಮ ಮೋಟಾರಿನ ನೆಲವನ್ನು ಬಹಳ ಮೆಚ್ಚಿಕೊಂಡಿದ್ದಾರೆ.'

ವಾಕ್ಯ ಮಾತ್ರ ಬಂಗಾರದ್ದು.

ದೊರೆಯ ಮುಖ ಅರಳಿತು. ಹ್ಯಾಟು ತೆಗೆದು ಅತ್ತೆಗೆ ಬಗ್ಗಿ ನಮಸ್ಕಾರ ಮಾಡಿದ. ಅತ್ತೆ, ಪಾಪ, ಆತ ತಪ್ಪು ಒಪ್ಪಿಕೊಂಡ ಎಂದು ತಿಳಿದು ಸ್ವಲ್ಪ ಮೆತ್ತಗಾದರು. ದೊರೆ ಏನೋ ಹೇಳಿದ. ಅದನ್ನು ನಾನು ಅಕ್ಷರಶಃ ಕನ್ನಡಿಸಿದೆ. ಆ ದಿನ ನಾನು ಹೇಳಿದ ಒಂದೇ ನಿಜ ಅದು.

"ಈ ಗಾಡಿ ಇಷ್ಟು ವರ್ಷ ತನ್ನ ಹೊತ್ತೈತಂತ. ನಿಮ್ಮನ್ನೂ ಹೊರ್ತೈತಂತ."

"ಕೇಳಿದೇನು?" ಎಂದರು ಮಾಮ ಅತ್ತೆಗೆ. ಅತ್ತೆ ದೊರೆಯ ಕಡ್ಡಿ ಮೈಯನ್ನೂ ಗಂಡನ ಮೈಯನ್ನೂ ಒಮ್ಮೆ ನೋಡಿದರು. ವ್ಯಾಪಾರ ಮುಗಿಯಿತು.

ಮೋಟಾರು ಕಂಪ್ಲಿಗೆ ಬಂತು. ಒಂದು ವಾರ ಏನೂ ಆಗಲಿಲ್ಲ. ನನ್ನ ಎದೆ ಹಗುರವಾಯಿತು. ಅತ್ತೆಯೇ ತಪ್ಪಿರಬೇಕು ಎಂದುಕೊಂಡೆ. ಏನೂ ಆಗದಿದ್ದುದರ ಕಾರಣ ಆಮೇಲೆ ತಿಳಿಯಿತು. ಮಾಮ ಮೋಟಾರಿನ ಸೀಟಿನಲ್ಲೂ ಗಿರಣಿಯ ಗಾದಿಯ ಮೇಲೆ ಕೂರುವ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಮೆಟ್ಟಿಲಿನಿಂದ ನೇರ ಸೀಟಿಗೆ ಮಂಡಿ ಊರಿ ಹತ್ತುವುದು, ಹಾಗೆಯೇ ಇಳಿಯುವುದು. ಹೇಗೋ ಏನೋ, ಆ ನಾಯಿಯ ಪದ್ಧತಿಯನ್ನೇ ಅವರೂ ಹಿಡಿದಿದ್ದರು. ಮುಂದೆ ಹುಸೇನ್‌ಸಾಬರ ಕಾಲಡಿಯ ಹಲಗೆ ಎಣ್ಣೆ ಕುಡಿದು ಕಬ್ಬಿಣದಂತಾಗಿತ್ತು. ಅದಕ್ಕೆ ಹುಳು ಹತ್ತಿರಲಿಲ್ಲ. ಅತ್ತೆಯಂತೂ ಮೋಟಾರು ಹತ್ತಲೇ ಇಲ್ಲ. "ನನಗೇನ್ ಅವಸರ?" ಎನ್ನುತ್ತಿದ್ದರು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಬೆಳಗಿನ ಹೊತ್ತು, ನಾನೂ ಜೊತೆಗಿದ್ದೆ. ಮುಂದೆ ಹುಸೇನ್‌ಸಾಬರ ಪಕ್ಕ ಕುಳಿತಿದ್ದೆ. ಹಿಂದೆ ಮಾಮ ಒಬ್ಬರೇ, ಹೊಸ ರುಮಾಲು, ಹೂದಾನಿಯಲ್ಲಿ ಕನಕಾಂಬರ, ಬೂದಿ ತಟ್ಟೆಯಲ್ಲಿ ವಿಭೂತಿ. ಟಾಪು ಮಡಚಿತ್ತು. ಕಂಪ್ಲಿಯ ಬಜಾರಿಗೆ ತಿರುಗುತ್ತಲೇ ಎದುರಿಗೆ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೊಟ್ರಪ್ಪನವರು ನಾಲ್ಕು ಜನರೊಡನೆ ಕುಳಿತಿರುವುದು ಕಂಡಿತು.

"ಹುಸೇನ್‌ಸಾಬ್, ಸಾವಕಾಶ ಬಿಡ್ರಿ," ಎಂದರು ಮಾಮ. ಮೋಟಾರು ನಡೆಯುವ ವೇಗಕ್ಕೆ ಇಳಿಯಿತು. ನಾನು ತಿರುಗಿ ನೋಡಿದೆ. ಮಾಮ ಮಡಚಿದ ಕಾಲು ಬಿಡಿಸುತ್ತಿದ್ದರು. ಕುಳಿತು ಮಾಡುವ ನಮಸ್ಕಾರ ಅವರಿಗೆ ಸಾಲದಾಗಿತ್ತು. ಎದ್ದು ನಿಂತು, ಪೂರ್ತಿ ಎತ್ತರದಿಂದ, ಎರಡು ಕೈ ಎತ್ತಿ, ಬಡ್ಡಿ ಸಮೇತ ತೀರಿಸಬೇಕಾಗಿತ್ತು.

"ಮಾಮ, ನಿಂದ್ರಬ್ಯಾಡ್ರಿ," ಎಂದೆ. ನಿಜವಾಗಿ ಅಂದೆನೋ, ಅನ್ನಬೇಕೆಂದುಕೊಂಡೆನೋ, ಇವತ್ತಿಗೂ ಸ್ಪಷ್ಟವಿಲ್ಲ.

ಮಾಮ ಎದ್ದು ನಿಂತರು. ಕೈ ಮುಗಿದರು. "ಶರಣ್ರೀ ಕೊಟ್ರಪ್ಪನವರ—" ಎಂದರು. ಆಮೇಲೆ ಹಪ್ಪಳ ಮುರಿದ ಹಾಗೆ ಒಂದು ಸದ್ದಾಯಿತು. ಮಾಮ ಸೊಂಟದವರೆಗೆ ಗಿಡ್ಡವಾದರು.

ಎರಡು ಕಾಲೂ ಹಲಗೆ ತೂರಿ ರಸ್ತೆ ಮುಟ್ಟಿದ್ದವು. ಮೋಟಾರು ನಿಂತಿರಲಿಲ್ಲ. ಕಂಪ್ಲಿಯ ಬಜಾರಿನಲ್ಲಿ, ಅಷ್ಟು ಜನ ನೋಡುತ್ತಿರುವಾಗ, ನನ್ನ ಸೋದರಮಾವ ಮೋಟಾರಿನ ಒಳಗೇ ಓಡತೊಡಗಿದರು. ಕೈಗಳು ಮುಗಿದಂತೆಯೇ ಇದ್ದವು, ಬಿಡಿಸಲು ಮರೆತಿರಬೇಕು. "ನಿಂದ್ರಸಲೇ! ನಿಂದ್ರಸಲೇ!" ಎಂಬ ಕೂಗನ್ನು ಹುಸೇನ್‌ಸಾಬರು ಕೊಟ್ರಪ್ಪನವರ ಮೇಲಿನ ಜಯಘೋಷ ಎಂದೇ ತಿಳಿದರು. ಇಂಜಿನ್ನಿನ ಸದ್ದಿಗೆ ಸೋತ ಕಿವಿ ಅವರದು. ನಾನು ಅವರ ತೋಳು ಹಿಡಿದು ಜಗ್ಗಿ ನಿಲ್ಲಿಸುವ ಹೊತ್ತಿಗೆ ಮಾಮ ಬಟ್ಟೆ ಅಂಗಡಿಯಿಂದ ಕಿರಾಣಿ ಅಂಗಡಿಯವರೆಗೆ ಓಡಿ ಮುಗಿಸಿದ್ದರು. ನಿಂತ ಕೂಡಲೇ ಎಡಗಾಲು ಮಡಚಿಕೊಂಡು ಮುರಿಯಿತು.

ಓಡಿಬಂದು ಮಾಮನನ್ನು ಎತ್ತಿದವರಲ್ಲಿ ಮೊದಲಿಗರು ಕೊಟ್ರಪ್ಪನವರು. ನಗಲಿಲ್ಲ. ತಮ್ಮ ರುಮಾಲನ್ನೇ ಬಿಚ್ಚಿ ಕಾಲಿಗೆ ಸುತ್ತಿದರು. ಮಾಮನಿಗೆ ಎಲುಬು ಮುರಿದದ್ದಕ್ಕಿಂತ ಹೆಚ್ಚು ನೋವಾದದ್ದು ಆ ರುಮಾಲಿನಿಂದ ಎಂದು ನನ್ನ ಅಂದಾಜು.

ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ, ಎರಡು ತಿಂಗಳು ಅಲುಗಾಡಕೂಡದು ಎಂದ. ಪಡಸಾಲೆಯಲ್ಲಿ ಮಂಚ ಹಾಕಿದರು. ಗಿರಣಿ ಯಾರು ನೋಡಬೇಕು? ಅತ್ತೆ ಕೀಲಿ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಯಾರನ್ನೂ ಕೇಳಲಿಲ್ಲ.

ಮಲಗಿದ ಮನುಷ್ಯನಿಗೆ ಕೆಲಸವಿರಲಿಲ್ಲ; ಸಿಟ್ಟೊಂದೇ ಇತ್ತು. "ಆ ದೊರಿ ಮೋಸ ಮಾಡ್ಯಾನ. ನೋಟೀಸು ಬರಿ," ಎಂದರು ನನಗೆ. "ತಳ ಹಾಳಾಗಿದ್ದು ಗೊತ್ತಿದ್ದೂ ಮುಚ್ಚಿಟ್ಟು ಮಾರಿದಿ ಅಂತ ಬರಿ. ಗಟ್ಟಿ ಇಂಗ್ಲೀಷ್ ಹಾಕು."

ಬರೆದೆ. ಈ ಸಲ ನಿಘಂಟು ಪಕ್ಕದಲ್ಲಿತ್ತು. ಗೆದ್ದಲಿಗೂ ಹೆಸರು ಸಿಕ್ಕಿತು, ಲಡ್ಡಿಗೂ ಸಿಕ್ಕಿತು. ತಪ್ಪು ನನ್ನದು, ಅಪವಾದ ದೊರೆಯ ಮೇಲೆ, ಭಾಷೆ ಅಮೋಘ. ಅಂಚೆಗೆ ಹಾಕುವ ನೆಪದಲ್ಲಿ ದಾರಿಯಲ್ಲಿ ಹರಿದು ಕಾಲುವೆಗೆ ಬಿಡಬೇಕೆಂದಿದ್ದೆ. ಆದರೆ ಅತ್ತೆ, "ಕೊಡು, ನಾ ಗಿರಣಿಗೆ ಹೋಗೋ ದಾರಿಯಾಗ ಅಂಚಿ ಮನಿ ಐತಿ," ಎಂದು ಕೈಯಿಂದ ತೆಗೆದುಕೊಂಡರು.

ದೊರೆ ಹಡಗು ಹತ್ತುವ ಮುನ್ನ ಉತ್ತರ ಬರೆದ. ಮುಂದಿನ ಭಾನುವಾರ ನಾನು ಊಟಕ್ಕೆ ಹೋದಾಗ ಅದು ಬಂದು ಕುಳಿತಿತ್ತು. ಮಾಮ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಅತ್ತೆ ಲಕೋಟೆ ನನ್ನ ಕೈಗಿಟ್ಟು, ನನ್ನ ಎದುರಿಗೇ ಕುಳಿತರು.

"ಓದು."

ಓದಿಕೊಂಡೆ. ದೊರೆ ಬರೆದದ್ದು ಅರ್ಧ ಪುಟ. 'ನಿಮ್ಮ ಕಾಲಿಗೆ ಪೆಟ್ಟಾದದ್ದು ತಿಳಿದು ವ್ಯಥೆಯಾಯಿತು. ಹಿಂದಿನ ಸೀಟಿನಲ್ಲಿ ನಾನು ಎಂದೂ ಕುಳಿತವನಲ್ಲ. ಅಲ್ಲಿ ಕೂರುತ್ತಿದ್ದುದು ನನ್ನ ನಾಯಿ. ನಿಮ್ಮ ಮನೆಯವರು ನನ್ನ ಕಣ್ಣೆದುರಿಗೇ ಚಾಪೆ ಎತ್ತಿ ನೆಲವನ್ನು ಪರೀಕ್ಷಿಸಿದರು, ಅದನ್ನು ಬಹಳ ಮೆಚ್ಚಿದರೆಂದು ನಿಮ್ಮ ದುಭಾಷಿ ಹೇಳಿದ. ಅದರಲ್ಲಿ ದೋಷವಿತ್ತೆಂದು ಅಂದೇ ಹೇಳಿದ್ದರೆ ನಾನು ಹಲಗೆ ಹಾಕಿಸಿಯೇ ಕೊಡುತ್ತಿದ್ದೆ.'

"ಏನಂತ?" ಎಂದರು ಮಾಮ.

"ಅಂದ್ರ... ಅವರಿಗೆ ಭಾಳ ಬ್ಯಾಸರ ಆತಂತ... ಕಾಲು ಜಲ್ದಿ ನೆಟ್ಟಗಾಗಲಿ ಅಂತ..."

"ಇಷ್ಟೇನಾ?" ಅತ್ತೆಯ ದನಿ ಮೆತ್ತಗಿತ್ತು. "ಅಷ್ಟು ಉದ್ದ ಬರದಾನ. ಇಂಗ್ಲೀಷಿನ್ಯಾಗ ಬ್ಯಾಸರಕ್ಕ ಅಷ್ಟು ಅಕ್ಷರ ಬೇಕೇನು?"

ನಾನು ಕಾಗದ ಮಡಚಿದೆ.

"ಲೇ, ನಿನಗ ಓದಾಕ ಬರದಿದ್ರ ಹೇಳು. ಅಂಚಿ ಮಾಸ್ತರ್ ಹತ್ರ ಓದಿಸ್ತೀನಿ. ಅವರಿಗೂ ಬರತೈತಿ."

ಇಲ್ಲಿ ನನ್ನ ಅಂತಃಕರಣ ಎಚ್ಚತ್ತಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಎಚ್ಚತ್ತದ್ದು ಅಂತಃಕರಣವಲ್ಲ, ಅಂಚೆ ಮಾಸ್ತರರ ಭಯ. ಆತ ಓದಿದರೆ ಹೊಸಪೇಟೆಯವರೆಗೆ ಪ್ರತಿ ಮನೆಯಲ್ಲೂ ಓದಿದ ಹಾಗೆಯೇ. ಕಾಗದ ಬಿಚ್ಚಿದೆ. ಸಾಲು ಸಾಲಾಗಿ, ಒಂದು ಅಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. 'ದುಭಾಷಿ ಹೇಳಿದ' ಎನ್ನುವಲ್ಲಿ ಕಣ್ಣನ್ನು ಕಾಗದದಿಂದ ಎತ್ತಲಿಲ್ಲ. ಅದನ್ನೂ ಹೇಳಿದೆ. ಗೆದ್ದಲಿಗೆ ಪದ ತೋಚದಿದ್ದದ್ದು, ನಾಚಿಕೆಯಾದದ್ದು, ಸೀಟಿನ ಚರ್ಮ ಯಾವುದೆನ್ನುವುದು, ಬೂದಿ ಯಾವ ಬೂದಿ ಎನ್ನುವುದು, ಎಲ್ಲ ಹೊರಗೆ ಬಂತು.

ಮಾಮನ ಮುಖ ಕಪ್ಪಿಟ್ಟಿತು. ಮೊದಲು ಹಣೆಯ ವಿಭೂತಿ ಮುಟ್ಟಿ ನೋಡಿಕೊಂಡರು. ಆಮೇಲೆ ಕೈಗೆ ಸಿಕ್ಕ ಬೀಸಣಿಗೆಯನ್ನು ನನ್ನತ್ತ ಒಗೆದರು.

"ನಿನ್ನ ನಂಬಿ ನನ್ನ ಕಾಲು ಹೋತಲ್ಲೋ! ಈಕಿ ಬಾಯಿಬಿಟ್ಟು ಹೇಳಿದ್ದನ್ನ ನೀ ದೊರಿಗೆ ಸರಿಯಾಗಿ ಮುಟ್ಟಿಸಿದ್ರ ಇದು ಆಗ್ತಿತ್ತೇನು?"

ನಾನು ತಲೆ ತಗ್ಗಿಸಿದೆ. ಅತ್ತೆ ಬೀಸಣಿಗೆ ಎತ್ತಿಕೊಂಡು ಬಂದು ಮಂಚದ ಪಕ್ಕ ನಿಂತರು. ಗಂಡನಿಗೆ ನಿಧಾನವಾಗಿ ಗಾಳಿ ಹಾಕಿದರು.

"ಅವನ ತಪ್ಪು ಅವಂದು. ಅದನ್ನ ಅಲ್ಲ ಅನ್ನಂಗಿಲ್ಲ," ಎಂದರು. "ಆದ್ರ ದೊರಿಗೆ ನಾ ಹೇಳಿದ್ದು ತಿಳೀಲಿಲ್ಲ, ಯಾಕಂದ್ರ ಇವನು ಸರಿಯಾಗಿ ಹೇಳಲಿಲ್ಲ. ನಿಮಗ ನಾನು ಕನ್ನಡದಾಗೇ ಹೇಳಿದ್ನಲ್ಲ? ಅಂಗೈಯಾಗ ಪುಡಿ ಇಟ್ಟು ತೋರಿಸಿದ್ನಲ್ಲ? ನಿಮಗ್ಯಾಕ ತಿಳೀಲಿಲ್ಲ?"

ಮಾಮ ಮಾಳಿಗೆಯ ತೊಲೆ ನೋಡತೊಡಗಿದರು. ನಾನೂ ನೋಡಿದೆ. ಒಳ್ಳೆಯ ತೊಲೆ.

ಬೈಗುಳ ಅಷ್ಟಕ್ಕೇ ಮುಗಿಯಿತು. ಆದರೆ ಅಂದಿನಿಂದ ಭಾನುವಾರದ ಊಟ ನನಗೆ ಬಿಟ್ಟಿಯಾಗಿ ಸಿಗಲಿಲ್ಲ. ಊಟವಾದ ಮೇಲೆ ಅತ್ತೆ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕುಳಿತು, "ಹೇಳು," ಎನ್ನುತ್ತಿದ್ದರು. ಅಕ್ಷರಮಾಲೆ ಅವರಿಗೆ ಬೇಕಿರಲಿಲ್ಲ. ಹಕ್ಕಿ, ಹೂವು ಬೇಕಿರಲಿಲ್ಲ. ಸೋರುವುದಕ್ಕೆ ಏನಂತಾರೆ, ಬಿರುಕಿಗೆ ಏನಂತಾರೆ, ಹಳತಕ್ಕೆ ಬಣ್ಣ ಬಳಿದು ಹೊಸತೆಂದು ಮಾರಿದರೆ ಅದಕ್ಕೆ ಏನಂತಾರೆ. ಅರ್ಧಕ್ಕರ್ಧ ನನಗೇ ಗೊತ್ತಿರಲಿಲ್ಲ. ಪ್ರತಿ ಶನಿವಾರ ನಿಘಂಟು ಹಿಡಿದು ಕೂರುವುದು ನನ್ನ ಪಾಡಾಯಿತು. ಗೆದ್ದಲಿಗೆ ದೊರೆಗಳು ಬಿಳಿ ಇರುವೆ ಅನ್ನುತ್ತಾರೆ ಎಂದು ಹೇಳಿದಾಗ ಅತ್ತೆ ನಗು ತಡೆಯಲಾರದೆ ಎಲೆ ಉಗುಳಿದರು. "ನಮ್ಮ ಹುಳಕ್ಕ ಇರವಿ ಅಂತಾರೇನು? ಮತ್ತ ನೀ ಆ ಭಾಷಿಗೆ ಅಷ್ಟು ಹೆದರಿದಿ?"

ಕೊನೆಗೆ ಒಂದು ದಿನ, "ಸುಳ್ಳಿಗೆ ಏನಂತಾರ?" ಎಂದರು.

"ಲೈ," ಎಂದೆ.

ಅದಾದ ಮೇಲೆ ಅವರು ನನ್ನನ್ನು 'ಲೇ' ಎಂದು ಕರೆಯುತ್ತಿದ್ದರೋ 'ಲೈ' ಎಂದು ಕರೆಯುತ್ತಿದ್ದರೋ ನನಗೆ ಕಡೆಗೂ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಅಷ್ಟರಲ್ಲಿ ಅತ್ತೆ ಬಡಿಗನನ್ನು ಕರೆಸಿ, ತಾವೇ ಎದುರು ನಿಂತು, ಮೋಟಾರಿನ ಹಳೆಯ ಹಲಗೆ ಕೀಳಿಸಿ ತೇಗದ ಹೊಸ ಹಲಗೆ ಹಾಕಿಸಿದರು. ಮುಗಿದ ಮೇಲೆ ಬಡಿಗ, ಹುಸೇನ್‌ಸಾಬ್ ಮತ್ತು ನಾನು, ಮೂವರೂ ಒಟ್ಟಿಗೆ ಅದರ ಮೇಲೆ ನಿಂತು ಕುಣಿಯಬೇಕೆಂದು ಅಪ್ಪಣೆಯಾಯಿತು. ಕುಣಿದೆವು. ನನ್ನ ಪಾಲಿನ ಕುಣಿತ ಸ್ವಲ್ಪ ಹೆಚ್ಚು ಹೊತ್ತು ನಡೆಯಿತು, ಏಕೆಂದರೆ ಸಾಕು ಎಂದು ಅತ್ತೆ ನನಗೊಬ್ಬನಿಗೇ ಹೇಳಲಿಲ್ಲ.

ಆಮೇಲೆ ಅವರು ಕಂಬಳಿ ಹಾಸಿ ಹಿಂದಿನ ಸೀಟಿನಲ್ಲಿ ಕುಳಿತು, ಎರಡೂ ಕಾಲು ಹಲಗೆಯ ಮೇಲೆ ಊರಿ, ಗಿರಣಿಗೆ ಹೊರಟರು. ಮೊದಲು ಗಿರಣಿಗೆ. ಬರಬರುತ್ತ ಕಾಲುವೆಯ ಬದಿಯ ಹಳ್ಳಿಗಳಿಗೆ, ಕಣದಲ್ಲೇ ಭತ್ತದ ಮಾತಾಡಲು. ಕೊಟ್ರಪ್ಪನವರ ಗುಮಾಸ್ತರು ಗಾಡಿಯಲ್ಲಿ ಹೋಗಿ ಮುಟ್ಟುವುದರೊಳಗೆ ಅತ್ತೆ ಕಣ ನೋಡಿ, ಕಾಳು ಕಚ್ಚಿ ನೋಡಿ, ಮಾತು ಮುಗಿಸಿ ವಾಪಸು ಬಂದಿರುತ್ತಿದ್ದರು. ಎರಡು ತಿಂಗಳು ಎಂದದ್ದು ನಾಲ್ಕಾಯಿತು. ಮಾಮನ ಕಾಲು ಕೂಡಿಕೊಂಡಿತು. ಕೋಲು ಹಿಡಿದು ನಡೆಯುವಂತಾದರು. ಕೀಲಿ ಗೊಂಚಲು ಮಾತ್ರ ಸೊಂಟ ಬದಲಿಸಲಿಲ್ಲ.

ಒಂದು ಮಧ್ಯಾಹ್ನ ನಾನೂ ಮಾಮನೂ ಹೆಬ್ಬಾಗಿಲಿಗೆ ಅಡ್ಡಲಾಗಿ ಮಂಚ ಹಾಕಿಕೊಂಡು ಗಾಳಿಗೆ ಕುಳಿತಿದ್ದೆವು. ಮಾಮ ಅರೆನಿದ್ದೆಯಲ್ಲಿದ್ದರು. ಹೊರಗೆ ಹಾರ್ನು ಕೂಗಿತು. ಒಂದು ಸಲ, ಎರಡು ಸಲ.

ಮಾಮ ಬೆಚ್ಚಿ ಕಣ್ಣು ಬಿಟ್ಟರು. "ಯಾರಲೇ ಅದು?"

"ಅತ್ತಿ."

"ಏನಂತ?"

ಈ ಸಲ ನನಗೆ ನಿಘಂಟು ಬೇಕಾಗಲಿಲ್ಲ.

"ದಾರಿ ಬಿಡ್ರಿ ಅಂತ," ಎಂದೆ.

ಮಾಮ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕೋಲಿಗೆ ಕೈ ಹಾಕಿದರು. ಇಬ್ಬರೂ ಎದ್ದು, ತಲೆ ಕಡೆ ಅವರು, ಕಾಲ ಕಡೆ ನಾನು, ಮಂಚ ಎತ್ತಿ ಗೋಡೆಯ ಬದಿಗೆ ಇಟ್ಟೆವು.